ಬಾಬ್ ಆಗೋಕೆ ಯಾರೂ ಒಪ್ಪಲಿಲ್ಲ

ಮೂವರು ಹುಡುಗರು, ಒಂದು ಗುಜರಿ ಅಂಗಡಿ, ವಿಸಿಟಿಂಗ್ ಕಾರ್ಡಿನ ಮೇಲೆ ಮೂರು ಪ್ರಶ್ನಾರ್ಥಕ ಚಿಹ್ನೆ. ಎಂಬತ್ತು, ತೊಂಬತ್ತರ ದಶಕದಲ್ಲಿ ಬಾಡಿಗೆ ಲೈಬ್ರರಿಯಿಂದ ಇಂಗ್ಲಿಷ್ ಪುಸ್ತಕ ತಂದು ಓದಿದವರಿಗೆ ಇಷ್ಟು ಹೇಳಿದರೆ ಸಾಕು, ಹೆಸರು ತಾನಾಗೇ ಬಾಯಿಗೆ ಬರುತ್ತದೆ. ‘ದಿ ಥ್ರೀ ಇನ್ವೆಸ್ಟಿಗೇಟರ್ಸ್’. ಗೊತ್ತಿಲ್ಲದವರಿಗೆ ಎರಡು ಮಾತು: ಕ್ಯಾಲಿಫೋರ್ನಿಯಾದಲ್ಲಿ, ಹಾಲಿವುಡ್‌ಗೆ ಹತ್ತಿರ, ರಾಕಿ ಬೀಚ್ ಅಂತ ಒಂದು ಕಲ್ಪನೆಯ ಊರು. ಅಲ್ಲಿ ಜೂಪಿಟರ್ ಜೋನ್ಸ್, ಪೀಟ್ ಕ್ರೆನ್‌ಶಾ, ಬಾಬ್ ಆಂಡ್ರ್ಯೂಸ್ ಅಂತ ಮೂವರು ಹುಡುಗರು ಪತ್ತೇದಾರಿ ಕಂಪನಿ ನಡೆಸುತ್ತಾರೆ. ಜೂಪಿಟರ್‌ನ ಚಿಕ್ಕಪ್ಪನ ಗುಜರಿ ಅಂಗಡಿಯಲ್ಲಿ ಹಳೇ ಸಾಮಾನಿನ ರಾಶಿ ಕೆಳಗೆ ಮುಚ್ಚಿಹೋದ ಒಂದು ಟ್ರೈಲರ್ ಇದೆ. ಅದೇ ಇವರ ಆಫೀಸು. ದೊಡ್ಡವರ ಕಣ್ಣಿಗೆ ಬೀಳದ ಹಾಗೆ ಒಳಗೆ ಹೋಗೋಕೆ ಕೊಳವೆ ದಾರಿ, ಗುಟ್ಟಿನ ಬಾಗಿಲು ಎಲ್ಲಾ ಉಂಟು. ಮೊದಲ ಪುಸ್ತಕ ಬಂದದ್ದು 1964ರಲ್ಲಿ. 1987ರ ಹೊತ್ತಿಗೆ 43 ಆದವು.

ಹೋದ ವರ್ಷ ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಹಳೇ ಪುಸ್ತಕದ ರಾಶಿಯಲ್ಲಿ ಇವುಗಳ ಒಂದು ಕಟ್ಟು ಸಿಕ್ಕಿತು. ಹಾಸನಕ್ಕೆ ತಂದು ಒಂದೊಂದಾಗಿ ಓದಿದೆ. ಚಿಕ್ಕವಳಿದ್ದಾಗ ಇಷ್ಟಪಟ್ಟ ಪುಸ್ತಕವನ್ನು ದೊಡ್ಡವಳಾದ ಮೇಲೆ ಮುಟ್ಟಬಾರದು ಅನ್ನೋರು ಇದ್ದಾರೆ. ನಾನು ಆ ಪೈಕಿ ಅಲ್ಲ. ಕೆಟ್ಟದಾಗಿದ್ದರೆ ಕೆಟ್ಟದಾಗಿದೆ ಅಂತ ಗೊತ್ತಾಗಲಿ ಬಿಡಿ.

ನಾವೂ ಮೂವರಿದ್ದೆವು. ದೊಡ್ಡಪ್ಪನ ಮಗ ಅಣ್ಣ, ನಾನು, ಮತ್ತೆ ಸಾಲಗಾಮೆ ರಸ್ತೆ ಕಡೆಯಿಂದ ಸೈಕಲ್‌ನಲ್ಲಿ ಬರುತ್ತಿದ್ದ ಒಬ್ಬ ಹುಡುಗ. ಅವನ ಅಪ್ಪ ಎಂ.ಸಿ.ಎಫ್.ನಲ್ಲಿದ್ದರು. ಹೊರಗಿನವರಿಗೆ ಹೇಳಬೇಕು, ಇಸ್ರೋ ಹಾರಿಬಿಟ್ಟ ಸಂವಹನ ಉಪಗ್ರಹಗಳನ್ನು ಆಕಾಶದಲ್ಲಿ ಸರಿಯಾದ ಜಾಗದಲ್ಲಿ ನಿಲ್ಲಿಸಿ ನೋಡಿಕೊಳ್ಳುವ ಕೇಂದ್ರ ಅದು. 1982ರಿಂದ ಹಾಸನದಲ್ಲಿದೆ. ಆಲೂಗಡ್ಡೆ ಮಂಡಿಯ ಊರಿಗೆ ಅದರಿಂದ ದೇಶದ ಬೇರೆ ಬೇರೆ ಕಡೆಯ ಮಕ್ಕಳು ಬಂದರು, ಅವರ ಜೊತೆ ಇಂಗ್ಲಿಷ್ ಕಥೆ ಪುಸ್ತಕಗಳೂ ಬಂದವು. ನಮ್ಮ ಕೈಗೆ ಈ ಸರಣಿ ಸಿಕ್ಕಿದ್ದೇ ಆ ಹುಡುಗನಿಂದ. ಆಮೇಲೆ ಉಳಿದದ್ದನ್ನು ಬಸ್ ಸ್ಟ್ಯಾಂಡ್ ಹತ್ತಿರದ ಒಂದು ಬಾಡಿಗೆ ಲೈಬ್ರರಿಯಿಂದ ತಂದೆವು.

ಪುಸ್ತಕ ಅವನದು, ಹಾಗಾಗಿ ಅವನೇ ಜೂಪಿಟರ್. ಯೋಚನೆ ಮಾಡುವಾಗ ಕೆಳತುಟಿ ಚಿವುಟಿಕೊಳ್ಳುವುದು ಜೂಪಿಟರ್‌ನ ಅಭ್ಯಾಸ. ಇವನೂ ಚಿವುಟಿ ಚಿವುಟಿ ತುಟಿ ಕೆಂಪು ಮಾಡಿಕೊಂಡಿದ್ದ. ಅಣ್ಣ ಮರ ಹತ್ತುತ್ತಿದ್ದ, ಗೋಡೆ ಹಾರುತ್ತಿದ್ದ, ಅದಕ್ಕೆ ಅವನು ಪೀಟ್. ಉಳಿದದ್ದು ಬಾಬ್. ಕಂಪನಿಯ ಕಾರ್ಡಿನಲ್ಲಿ ಅವನ ಹೆಸರಿನ ಮುಂದೆ ‘ರೆಕಾರ್ಡ್ಸ್ ಅಂಡ್ ರಿಸರ್ಚ್’ ಅಂತ ಇರುತ್ತದೆ. ಅಂದರೆ ಬರೆದಿಡುವ ಕೆಲಸ, ಹುಡುಕಿ ಓದುವ ಕೆಲಸ. ಮೊದಲ ಪುಸ್ತಕಗಳಲ್ಲಿ ಅವನ ಕಾಲಿಗೆ ಪಟ್ಟಿ ಬೇರೆ, ಗುಡ್ಡದಿಂದ ಬಿದ್ದು ಮುರಿದುಕೊಂಡಿರುತ್ತಾನೆ. ಓಡೋ ಹಾಗಿಲ್ಲ, ಹತ್ತೋ ಹಾಗಿಲ್ಲ. ಸಂಜೆ ಹೊತ್ತು ಊರಿನ ಸಾರ್ವಜನಿಕ ಗ್ರಂಥಾಲಯದಲ್ಲಿ ಪುಸ್ತಕ ಜೋಡಿಸುವ ಸಣ್ಣ ಕೆಲಸ. ಇಂಥವನಾಗೋಕೆ ಯಾರು ಒಪ್ಪುತ್ತಾರೆ? ನಾನು ಎಲ್ಲರಿಗಿಂತ ಚಿಕ್ಕವಳು, ಮೇಲಾಗಿ ಹುಡುಗಿ, ಅಕ್ಷರ ದುಂಡಗಿದೆ ಅಂತ ಒಂದು ನೆಪ. ನನ್ನ ತಲೆಗೆ ಕಟ್ಟಿದರು. ತುಂಬಾ ದಿನ ಸಿಟ್ಟು ಮಾಡಿಕೊಂಡಿದ್ದೆ.

ಬಾಡಿಗೆ ಲೈಬ್ರರಿಯ ಪುಸ್ತಕಗಳ ಸ್ಥಿತಿ ಓದಿದವರಿಗೇ ಗೊತ್ತು. ಬೆನ್ನಿಗೆ ಕಂದು ಕಾಗದ ಅಂಟಿಸಿ, ದಪ್ಪ ದಾರದಲ್ಲಿ ಅಂಚಿಗೆ ಹೊಲಿಗೆ ಹಾಕಿರುತ್ತಿದ್ದರು. ಹೊಲಿಗೆ ಪಕ್ಕದ ಎರಡು ಅಕ್ಷರ ಓದಬೇಕಾದರೆ ಪುಸ್ತಕವನ್ನು ಬಲವಾಗಿ ಬಿಡಿಸಿ ಹಿಡಿಯಬೇಕು. ಮೊದಲ ಹಾಳೆಯಲ್ಲಿ ತಾರೀಕಿನ ಸೀಲುಗಳು ಒಂದರ ಮೇಲೊಂದು. ನಮಗೆ ಸಿಕ್ಕಿದ, ಸರಣಿಯ ಮೊದಲ ಪುಸ್ತಕ ‘ಟೆರರ್ ಕ್ಯಾಸಲ್’ನ ಪ್ರತಿಯಲ್ಲಿ ಆ ಸೀಲುಗಳ ಕೆಳಗೆ ಯಾರೋ ಪುಣ್ಯಾತ್ಮ ಬಾಲ್‌ಪೆನ್ನಿನಲ್ಲಿ ಬರೆದಿದ್ದ: ‘ಮ್ಯಾನೇಜರೇ ಅವನು’. ನಾವು ಒಂದು ಪುಟ ಓದುವ ಮೊದಲೇ ಗುಟ್ಟು ಬಯಲು. ಆದರೂ ಓದಿದೆವು. ಮ್ಯಾನೇಜರ್ ಯಾರು, ‘ಅವನು’ ಯಾರು ಅನ್ನೋದೇ ನಮಗೆ ಕೊನೇತನಕ ಇನ್ನೊಂದು ಪತ್ತೇದಾರಿಯಾಯಿತು.

ಆ ಕಥೆಯನ್ನು ಇಲ್ಲಿ ಹೇಳಲೇಬೇಕು. ಬಂದು ಅರವತ್ತು ವರ್ಷವಾಗಿದೆ, ಗುಟ್ಟು ಬಿಟ್ಟುಕೊಟ್ಟರೆ ಯಾರೂ ಬೇಜಾರಾಗಲಾರರು. ಹಾಲಿವುಡ್‌ನ ಹೆಸರಾಂತ ನಿರ್ದೇಶಕ ಆಲ್‌ಫ್ರೆಡ್ ಹಿಚ್‌ಕಾಕ್‌ಗೆ ಸಿನಿಮಾ ತೆಗೆಯೋಕೆ ನಿಜವಾದ ದೆವ್ವದ ಮನೆ ಬೇಕಾಗಿದೆ. ನಾವು ಹುಡುಕಿಕೊಡ್ತೀವಿ ಅಂತ ಹುಡುಗರು ಹೊರಡುತ್ತಾರೆ. ಮೂಕಿ ಚಿತ್ರಗಳ ಕಾಲದ ಸ್ಟೀಫನ್ ಟೆರಿಲ್ ಎಂಬ ನಟ ಕಟ್ಟಿಸಿದ ಬಂಗಲೆಯೊಂದು ಕಣಿವೆಯಲ್ಲಿ ಪಾಳು ಬಿದ್ದಿದೆ. ರಾತ್ರಿ ಉಳಿಯೋಕೆ ಹೋದವರೆಲ್ಲ ಹೆದರಿ ಓಡಿಬಂದಿದ್ದಾರೆ.

ಚಿಕ್ಕಂದಿನಲ್ಲಿ ನಾನು ಓಡಿದ್ದು ಆ ಬಂಗಲೆಯ ಕಡೆಗೆ. ತಾನಾಗಿ ನುಡಿಯುವ ಆರ್ಗನ್, ಕನ್ನಡಿಯಲ್ಲಿ ಕಾಣುವ ಹೆಂಗಸು, ಕಾರಣವಿಲ್ಲದೆ ಮೈಯೆಲ್ಲ ನಡುಗಿಸುವ ಭಯ. ಈಗ ಓದಿದರೆ ನನ್ನ ಕಣ್ಣು ನಿಂತದ್ದು ಬೇರೆ ಕಡೆ. ಬಂಗಲೆಗೆ ಹೋಗುವ ಮೊದಲೇ ಬಾಬ್ ಗ್ರಂಥಾಲಯದಲ್ಲಿ ಕೂತು ಹಳೇ ಪತ್ರಿಕೆ ತಿರುವಿ ಆ ನಟನ ಇಡೀ ಬದುಕನ್ನು ಹೊರಗೆ ತೆಗೆದಿರುತ್ತಾನೆ. ತೆರೆ ಮೇಲೆ ಟೆರಿಲ್‌ನನ್ನು ನೋಡಿ ಜನ ನಡುಗುತ್ತಿದ್ದರಂತೆ. ಮಾತಿನ ಚಿತ್ರ ಬಂತು. ಅವನ ದನಿ ಕೀಚಲು, ಮಾತು ತೊದಲು. ಥಿಯೇಟರ್‌ನಲ್ಲಿ ಜನ ಬಿದ್ದು ಬಿದ್ದು ನಕ್ಕರು. ಅವತ್ತಿನಿಂದ ಅವನು ಮನೆ ಸೇರಿಕೊಂಡ, ಯಾರನ್ನೂ ನೋಡಲಿಲ್ಲ. ಬಂಗಲೆ ಸಾಲಕ್ಕೆ ಹೋಗುವ ಹೊತ್ತಿಗೆ ಅವನ ಕಾರು ಬಂಡೆಯಿಂದ ಉರುಳಿತು. ಸತ್ತ ಅಂದುಕೊಂಡರು.

ಸತ್ತಿರಲಿಲ್ಲ. ಅವನ ಮ್ಯಾನೇಜರ್ ಅಂತ ಓಡಾಡಿಕೊಂಡಿದ್ದವನೇ ಅವನು. ಬಾಲ್‌ಪೆನ್ ಪುಣ್ಯಾತ್ಮ ಬರೆದದ್ದು ಸರಿಯಾಗಿಯೇ ಇತ್ತು.

ದೆವ್ವ ಇಲ್ಲ ಅಂತ ಗೊತ್ತಾದಾಗ ಮಕ್ಕಳಿಗೆ ಸ್ವಲ್ಪ ನಿರಾಸೆ ಆಗುತ್ತದೆ, ನಮಗೂ ಆಗಿತ್ತು. ಈಗ ಅನ್ನಿಸುವುದು, ಜನರ ನಗುವಿಗೆ ಹೆದರಿ ಸತ್ತವನ ಹಾಗೆ ಬದುಕಿದ ಮನುಷ್ಯನ ಕಥೆಯನ್ನು ಹನ್ನೆರಡು ವರ್ಷದ ಮಕ್ಕಳಿಗೆ ಕೊಟ್ಟವನು ಸಾಮಾನ್ಯ ಬರಹಗಾರ ಅಲ್ಲ. ಆ ಬರಹಗಾರನ ಹೆಸರು ರಾಬರ್ಟ್ ಆರ್ಥರ್. ಮುಖಪುಟದಲ್ಲಿ ದೊಡ್ಡದಾಗಿ ಇರುತ್ತಿದ್ದದ್ದು ಹಿಚ್‌ಕಾಕ್ ಹೆಸರು. ನಾವು ಹಿಚ್‌ಕಾಕೇ ಬರೆದದ್ದು ಅಂತ ನಂಬಿದ್ದೆವು. ಅವರು ಹೆಸರು ಕೊಟ್ಟಿದ್ದರು ಅಷ್ಟೇ. ಮುನ್ನುಡಿಯಲ್ಲಿ ‘ಈ ಹುಡುಗರ ಕಾಟ ತಡೆಯೋಕಾಗದೆ ಪರಿಚಯ ಮಾಡಿಕೊಡ್ತಿದ್ದೇನೆ’ ಅನ್ನೋ ಧಾಟಿಯಲ್ಲಿ ಗೊಣಗುವ ಹಿಚ್‌ಕಾಕ್ ಕೂಡ ಆರ್ಥರ್‌ನ ಕೈಚಳಕವೇ. ಮೊದಲ ಹನ್ನೊಂದರಲ್ಲಿ ಹತ್ತು ಅವರವು. 1969ರಲ್ಲಿ ತೀರಿಕೊಂಡರು, ಬೇರೆಯವರು ಮುಂದುವರಿಸಿದರು. 1980ರಲ್ಲಿ ಹಿಚ್‌ಕಾಕ್ ಕೂಡ ಹೋದರು. ಅವರ ಜಾಗಕ್ಕೆ ಹೆಕ್ಟರ್ ಸೆಬಾಸ್ಟಿಯನ್ ಎಂಬ ಕಲ್ಪನೆಯ ಪಾತ್ರ ಬಂತು. ಸರಣಿಯ ಖದರು ಅಲ್ಲಿಗೆ ಅರ್ಧ ಇಳಿಯಿತು ಅಂತ ನನ್ನ ಲೆಕ್ಕ.

ಒಂದು ತಮಾಷೆ: ಅಮೆರಿಕದಲ್ಲಿ ಈ ಸರಣಿ ಹೆಚ್ಚೂಕಡಿಮೆ ಮರೆತೇಹೋಗಿದೆ, ಜರ್ಮನಿಯಲ್ಲಿ ಮಾತ್ರ ಇನ್ನೂ ಓಡುತ್ತಿದೆ. 1979ರಿಂದ ಅದರ ಧ್ವನಿ ನಾಟಕಗಳು ಬರುತ್ತಿವೆ, ಮೂವರು ಹುಡುಗರಿಗೆ ದನಿ ಕೊಟ್ಟ ಅದೇ ಮೂವರು ನಟರು ಅರವತ್ತು ದಾಟುವ ವಯಸ್ಸಿನಲ್ಲೂ ಹುಡುಗರಾಗಿಯೇ ಮಾತಾಡುತ್ತಿದ್ದಾರೆ. ಇಂಗ್ಲಿಷಿನಲ್ಲಿ ಕಥೆ ಮುಗಿದ ಮೇಲೆ ಜರ್ಮನ್ ಬರಹಗಾರರೇ ಹೊಸದಾಗಿ ಬರೆಯೋಕೆ ಶುರು ಮಾಡಿದರು.

ಇನ್ನು ನಮ್ಮ ಕಂಪನಿಯ ಕೇಸುಗಳು. ಕೇಸಿಗೆ ಹಾಸನದಲ್ಲಿ ಬರವೇ?

ಹಾಸನಾಂಬೆ ಗುಡಿ ತೆರೆಯುವುದು ವರ್ಷಕ್ಕೊಮ್ಮೆ, ಆಶ್ವಯುಜ ಹುಣ್ಣಿಮೆ ಆದಮೇಲಿನ ಗುರುವಾರ. ಬಲಿಪಾಡ್ಯಮಿ ಮುಗಿದ ಮೇಲೆ ಮತ್ತೆ ಬಾಗಿಲು ಹಾಕುತ್ತಾರೆ. ಒಳಗೆ ಹಚ್ಚಿಟ್ಟ ದೀಪ ಮುಂದಿನ ವರ್ಷ ತೆರೆಯುವವರೆಗೂ ಉರಿಯುತ್ತದೆ ಅಂತ ನಂಬಿಕೆ. ಅಲ್ಲಿ ಒಂದು ಸೊಸೆ ಕಲ್ಲಿದೆ. ಅದು ವರ್ಷಕ್ಕೆ ಒಂದು ಕಾಳಿನಷ್ಟು ದೇವಿಯ ಕಡೆ ಸರಿಯುತ್ತದೆ, ಪಾದ ಮುಟ್ಟಿದ ದಿನ ಕಲಿಯುಗ ಮುಗಿಯುತ್ತದೆ ಅಂತ ಹಿರಿಯರು ಹೇಳುತ್ತಾರೆ. ನಮ್ಮ ಜೂಪಿಟರ್ ಕಂಪಾಸ್ ಬಾಕ್ಸಿನ ಸ್ಕೇಲ್ ಜೇಬಲ್ಲಿ ಇಟ್ಟುಕೊಂಡು ಬಂದ. ಈ ವರ್ಷ ಅಳೆಯೋಣ, ಮುಂದಿನ ವರ್ಷ ಮತ್ತೆ ಅಳೆಯೋಣ, ಉಳಿದ ದೂರಕ್ಕೆ ಭಾಗಾಕಾರ ಮಾಡಿದರೆ ಕಲಿಯುಗದ ಕೊನೆ ತಾರೀಕು ಸಿಗುತ್ತೆ ಅಂತ ಪ್ಲಾನು. ಅಜ್ಜಿ ಕಿವಿಗೆ ಬಿತ್ತು. “ಅಮ್ಮನ ಹತ್ರ ಅಳತೆಗೋಲು ತಗೊಂಡು ಹೋಗ್ತೀರೇನ್ರೋ, ಮನೆಹಾಳರಾ!” ಅಂದರು. ಕೇಸು ಅಲ್ಲಿಗೆ ಕ್ಲೋಸ್. ಆ ಕ್ಯೂ ನೋಡಿದವರಿಗೆ ಗೊತ್ತು, ಅಜ್ಜಿ ಬಿಟ್ಟಿದ್ದರೂ ಹಿಂದಿನವರು ಅಳೆಯೋಕೆ ಬಿಡುತ್ತಿರಲಿಲ್ಲ.

ಎರಡನೆಯದು ಶೆಟ್ಟಿಹಳ್ಳಿ ಚರ್ಚು. ಈಗ ಅದು ಫೋಟೋ ತೆಗೆಸಿಕೊಳ್ಳುವವರ ಜಾಗ, ಆಗ ನಮ್ಮ ಪಾಲಿಗೆ ಅದೇ ಟೆರರ್ ಕ್ಯಾಸಲ್. ಹೇಮಾವತಿ ಹಿನ್ನೀರಿನ ಅಂಚಲ್ಲಿ ಗೋಡೆ, ಕಮಾನು ಅಷ್ಟೇ ಉಳಿದ ಚರ್ಚು. ಮಳೆಗಾಲದಲ್ಲಿ ಅರ್ಧ ಮುಳುಗುತ್ತದೆ, ಬೇಸಿಗೆಯಲ್ಲಿ ಮತ್ತೆ ಮೇಲೆ ಬರುತ್ತದೆ. ರಾತ್ರಿ ಗಂಟೆ ಕೇಳಿಸುತ್ತೆ, ಬಿಳಿ ಅಂಗಿ ಪಾದ್ರಿ ಓಡಾಡ್ತಾರೆ ಅಂತ ಶಾಲೆಯಲ್ಲಿ ಕಥೆ. ಅಲ್ಲಿಗೆ ಹೋಗೋಕೆ ನಮ್ಮನ್ನು ಯಾರೂ ಬಿಡಲಿಲ್ಲ. ಪುಸ್ತಕದ ಜೂಪಿಟರ್‌ಗೆ ಒಂದು ಪೈಪೋಟಿಯಲ್ಲಿ ಗೆದ್ದ ರೋಲ್ಸ್ ರಾಯ್ಸ್ ಕಾರಿತ್ತು, ಡ್ರೈವರ್ ಸಮೇತ. ನಮಗೆ ಇದ್ದದ್ದು ಸೀಟು ಹರಿದ ಸೈಕಲ್ಲು.

ದೊಡ್ಡವಳಾದ ಮೇಲೆ ಹೋಗಿ ನೋಡಿದೆ. ಕಮಾನು, ಗೋಡೆ ನೋಡುವುದಕ್ಕೆ ಹೋದವಳಿಗೆ ತಲೆಯಲ್ಲಿ ಉಳಿದದ್ದು ಬೇರೆ ಪ್ರಶ್ನೆ. ಚರ್ಚು ಇಲ್ಲಿದೆ, ಚರ್ಚಿಗೆ ಬರುತ್ತಿದ್ದ ಊರು ಎಲ್ಲಿ? 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ್ದು. ನೂರು ವರ್ಷ ಅಲ್ಲಿ ಮದುವೆ ಆಗಿವೆ, ಮಕ್ಕಳಿಗೆ ಹೆಸರಿಟ್ಟಿದ್ದಾರೆ. ಗೊರೂರಿನಲ್ಲಿ ಅಣೆಕಟ್ಟು ಬಂತು, ಜನ ಮನೆ ಮಠ ಬಿಟ್ಟು ಬೇರೆ ಕಡೆ ಹೋದರು, ನೀರು ಬಂತು. ದೆವ್ವದ ಕಥೆ ಹೇಳಿದವರೆಲ್ಲ ಈ ಭಾಗವನ್ನು ನಮಗೆ ಹೇಳಲೇ ಇಲ್ಲ. ಟೆರಿಲ್‌ನ ಬಂಗಲೆಯ ಹಾಗೇ ಇಲ್ಲಿಯೂ ಹೆದರಿಕೆಯ ಕೆಳಗೆ ಯಾರದೋ ನಷ್ಟ ಕೂತಿದೆ. ಅದನ್ನು ಟಾರ್ಚ್ ಹಿಡಿದು ರಾತ್ರಿ ಹೋದವರು ಕಾಣೋದಿಲ್ಲ. ಅಣೆಕಟ್ಟಿನ ಕಡತ, ಆ ಕಾಲದ ಪತ್ರಿಕೆ ತೆಗೆದು ಕೂತವರಿಗೆ ಕಾಣುತ್ತದೆ. ಅಂದರೆ ಬಾಬ್‌ನ ಕೆಲಸ.

ಈ ಸರಣಿಯ ಉದ್ದಕ್ಕೂ ಇದೇ ನಡೆಯುತ್ತದೆ. ಜೂಪಿಟರ್ ಊಹೆ ಮಾಡುತ್ತಾನೆ, ಪೀಟ್ ಏಟು ತಿನ್ನುತ್ತಾನೆ, ಆದರೆ ಊಹೆಗೆ ನೆಲ ಒದಗಿಸುವುದು ಗ್ರಂಥಾಲಯದ ಆ ಹುಡುಗ. ಕೊನೆಗೆ ಇಡೀ ಕೇಸನ್ನು ಬರೆದಿಟ್ಟು ಹಿಚ್‌ಕಾಕ್ ಮುಂದೆ ಇಡುವವನೂ ಅವನೇ. ಅವನು ಬರೆಯದಿದ್ದರೆ ನಮಗೆ ಕಥೆಯೇ ಇಲ್ಲ ಅಲ್ವಾ?

ದೆವ್ವ ಅಂತ ಶುರುವಾಗಿ ಸ್ಪೀಕರು, ಕನ್ನಡಿ, ಗುಪ್ತ ಬಾಗಿಲಿನಲ್ಲಿ ಮುಗಿಯುವುದು ಈ ಪುಸ್ತಕಗಳ ಪದ್ಧತಿ. ಕನ್ನಡದ ಓದುಗರಿಗೆ ಇದು ಹೊಸದೇನೂ ಆಗಿರಲಿಲ್ಲ. ನಮ್ಮ ದೊಡ್ಡಪ್ಪ ದಿಂಬಿನ ಕೆಳಗೆ ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿ ಇಟ್ಟುಕೊಂಡೇ ಮಲಗುತ್ತಿದ್ದರು. ಪ್ರೈಮರಿ ಶಾಲೆಯಷ್ಟೇ ಓದಿ 500ಕ್ಕೂ ಹೆಚ್ಚು ಕಾದಂಬರಿ ಬರೆದ ಮನುಷ್ಯ. ಅವರ ಪತ್ತೇದಾರ ಪುರುಷೋತ್ತಮನಿಂದಲೇ ಕನ್ನಡ ಓದೋದು ಕಲಿತೆ ಅನ್ನುವವರು ಈಗಲೂ ಸಿಗುತ್ತಾರೆ. ಇನ್ನೊಬ್ಬ ನರಸಿಂಹಯ್ಯ ಇದ್ದರು, ನ್ಯಾಷನಲ್ ಕಾಲೇಜಿನ ಎಚ್. ನರಸಿಂಹಯ್ಯ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ 1976ರಲ್ಲಿ ಪವಾಡಗಳನ್ನು ಪರೀಕ್ಷಿಸೋಕೆ ಒಂದು ಸಮಿತಿಯನ್ನೇ ಮಾಡಿದರು. ಒಬ್ಬರು ಕಾಗದದ ಮೇಲೆ ಪತ್ತೇದಾರಿ ಮಾಡಿದರು, ಇನ್ನೊಬ್ಬರು ನಿಜವಾಗಿಯೇ ಹೊರಟರು. ಚಿಕ್ಕಂದಿನಲ್ಲಿ ನಾನು ಇಬ್ಬರೂ ಒಬ್ಬರೇ ಅಂದುಕೊಂಡಿದ್ದೆ. ಈಗಲೂ ಹಾಗೇ ಇದ್ದಿದ್ದರೆ ಚೆನ್ನಾಗಿರುತ್ತಿತ್ತು ಅನ್ನಿಸುತ್ತದೆ.

ಮೆಚ್ಚದ ಸಂಗತಿಗಳೂ ಇವೆ, ಇಲ್ಲ ಅನ್ನೋಲ್ಲ. ಹೊರದೇಶದವರು ಬಂದರೆ ಅನುಮಾನ ಪಡಬೇಕು, ಜಿಪ್ಸಿ ಹೆಂಗಸು ಬಂದರೆ ಭವಿಷ್ಯ ಹೇಳಲೇಬೇಕು. ಹುಡುಗಿಯರು ಮೊದಲ ಪುಸ್ತಕಗಳಲ್ಲಿ ಹೆಚ್ಚೂಕಡಿಮೆ ಇಲ್ಲವೇ ಇಲ್ಲ. ಆಮೇಲೆ ಎಂ.ವಿ. ಕ್ಯಾರಿ ಎಂಬ ಲೇಖಕಿ ಬರೆಯೋಕೆ ಬಂದಾಗ ಆಲಿ ಜೇಮಿಸನ್ ಎಂಬ ಗಟ್ಟಿ ಹುಡುಗಿ ಬರುತ್ತಾಳೆ, ಮೂವರನ್ನೂ ಚೆನ್ನಾಗಿ ಆಟ ಆಡಿಸುತ್ತಾಳೆ. ಆ ಪುಸ್ತಕಗಳು ನಮ್ಮ ಬಾಡಿಗೆ ಲೈಬ್ರರಿಗೆ ಬರಲೇ ಇಲ್ಲ. ಬಂದಿದ್ದರೆ ನಾನು ಬಾಬ್ ಕೆಲಸಕ್ಕೆ ರಾಜೀನಾಮೆ ಕೊಡುತ್ತಿದ್ದೆನೋ ಏನೋ.

ಬಾಬ್ ಹುಟ್ಟಿದ್ದು 1964ರಲ್ಲಿ ಅಂದೆನಲ್ಲ. ಮರುವರ್ಷ, 1965ರಲ್ಲಿ, ನಮ್ಮ ರಾಜ್ಯದಲ್ಲಿ ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆ ಬಂತು. ಅದರ ಹಿಂದೆ ಇದ್ದವರು ಎಸ್.ಆರ್. ರಂಗನಾಥನ್. ಲೆಕ್ಕದ ಮೇಷ್ಟ್ರಾಗಿದ್ದು ಗ್ರಂಥಪಾಲಕರಾದವರು, ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದವರು. ಆ ಕಾಯ್ದೆಯಿಂದಾಗಿಯೇ ಮನೆ ಕಂದಾಯದ ರಸೀದಿಯಲ್ಲಿ ಆರೋಗ್ಯ ಕರ, ಭಿಕ್ಷುಕರ ಕರದ ಜೊತೆ ಗ್ರಂಥಾಲಯ ಕರ ಅಂತಲೂ ಒಂದು ಸಾಲು ಇರುತ್ತದೆ. ಕಂದಾಯದ ಮೇಲೆ ನೂರಕ್ಕೆ ಆರು. ಲೈಬ್ರರಿ ಮೆಟ್ಟಿಲು ಹತ್ತದವರೂ ಕಟ್ಟುತ್ತಾರೆ, ಹಾಗಾಗಿ ಹತ್ತಿ ನೋಡುವುದು ಒಳ್ಳೆಯದು. ಬೆಳಗ್ಗೆ ಹೋದರೆ ಒಂದೇ ಪೇಪರನ್ನು ಹಾಳೆ ಹಾಳೆ ಬಿಡಿಸಿ ನಾಲ್ಕು ಜನ ಓದುತ್ತಿರುತ್ತಾರೆ, ಕ್ರೀಡಾ ಪುಟ ಖಾಲಿಯಾಗೋದನ್ನೇ ಐದನೆಯವರು ಕಾಯುತ್ತಿರುತ್ತಾರೆ. ಸ್ಪರ್ಧಾತ್ಮಕ ಪರೀಕ್ಷೆಯ ಹುಡುಗ ಹುಡುಗಿಯರು ಗೋಡೆ ಕಡೆ ಮುಖ ಮಾಡಿ ಕೂತಿರುತ್ತಾರೆ. ಪರಾಮರ್ಶನ ಗ್ರಂಥಗಳ ಬೀರುವಿಗೆ ಮಾತ್ರ ಬೀಗ. ಬೀಗದ ಕೈ ಕೇಳಿದರೆ ‘ಅದು ಯಾಕೆ ನಿಮಗೆ?’ ಅನ್ನುವ ಗ್ರಂಥಾಲಯ ನಾನು ನೋಡಿದ್ದೇನೆ, ‘ಕೂತ್ಕೊಳ್ಳಿ ಮೇಡಂ, ಧೂಳು ಒರೆಸಿ ಕೊಡ್ತೀನಿ’ ಅಂದದ್ದನ್ನೂ ನೋಡಿದ್ದೇನೆ. ಎರಡನ್ನೂ ಹೆಸರು ಹಿಡಿದು ಹೇಳೋಲ್ಲ.

ಆ ಬೀರುವಿನಲ್ಲಿ ಏನಿರುತ್ತೆ ಅಂತೀರಾ? ಒಂದು ಉದಾಹರಣೆ ಕೊಡುತ್ತೇನೆ. ಪುರಾತತ್ವ ಇಲಾಖೆಯಲ್ಲಿದ್ದ ಬಿ.ಎಲ್. ರೈಸ್ ಮೈಸೂರು ಸಂಸ್ಥಾನದ ಊರೂರು ಸುತ್ತಿಸಿ ಶಾಸನಗಳನ್ನು ಪಟ್ಟಿ ಮಾಡಿಸಿದರು. ಆಗಿನ ಕಡೂರು ಜಿಲ್ಲೆಯ, ಅಂದರೆ ಈಗಿನ ಚಿಕ್ಕಮಗಳೂರಿನ ಸಂಪುಟ 1901ರಲ್ಲಿ, ಹಾಸನದ್ದು 1902ರಲ್ಲಿ ಬಂತು. ತಾಲ್ಲೂಕುವಾರು, ಊರಿನ ಹೆಸರು, ಕಲ್ಲು ಎಲ್ಲಿದೆ ಅನ್ನೋದು ಸಮೇತ. ನಿಮ್ಮೂರಿನ ಹೆಸರು ಹುಡುಕಿ, ಎಂಟು ನೂರು ವರ್ಷದ ಹಿಂದೆ ಅಲ್ಲಿ ದನ ಬಿಡಿಸಿಕೊಳ್ಳೋಕೆ ಹೋಗಿ ಸತ್ತವನ ಹೆಸರು ಸಿಕ್ಕರೂ ಸಿಗಬಹುದು. ಆದರೆ ಹಾಸನದ ಸಂಪುಟದಲ್ಲಿ ಬೇಲೂರು ತಾಲ್ಲೂಕನ್ನು ಎಷ್ಟು ಹುಡುಕಿದರೂ ಹಲ್ಮಿಡಿ ಶಾಸನ ಸಿಗುವುದಿಲ್ಲ. ಇಷ್ಟು ಜರಡಿ ಹಿಡಿದ ಮೇಲೂ ಒಂದು ಕಲ್ಲು ತಪ್ಪಿಸಿಕೊಂಡಿತ್ತು! ಅದನ್ನು ಬೆಳಕಿಗೆ ತಂದವರು ಪುರಾತತ್ವ ಇಲಾಖೆಯ ಎಂ.ಎಚ್. ಕೃಷ್ಣ, 1936ರಲ್ಲಿ. ಇರುವುದು 16 ಸಾಲು, ಅದರಲ್ಲಿ ಕೊನೆಯದು ಪಕ್ಕದ ಅಂಚಿನಲ್ಲಿ. ಇಸವಿ ಇಲ್ಲ. ಇರುವ ಸುಳಿವು ಕದಂಬ ಕಾಕುಸ್ಥನ ಹೆಸರು, ಅಕ್ಷರದ ತಿರುವು, ಭಾಷೆಯ ಚಹರೆ. ಇಷ್ಟರಿಂದಲೇ ಕ್ರಿ.ಶ. 450ರ ಸುಮಾರು ಅಂದರು. ಕೆಲವರು ಒಪ್ಪಲಿಲ್ಲ, ಇನ್ನೂ ಈಚಿನದು ಅಂದರು. ಕನ್ನಡದ ಮೊದಲ ಶಾಸನ ಅಂತ ನಾವೆಲ್ಲ ಉರು ಹೊಡೆದಿದ್ದ ಅದಕ್ಕೆ ಈಗ ತಾಳಗುಂದದ ಒಂದು ಶಾಸನ ಪೈಪೋಟಿಗೆ ಬಂದಿದೆ.

ಜೂಪಿಟರ್ ತುಟಿ ಚಿವುಟಿಕೊಳ್ಳುವುದಕ್ಕಿಂತ ಇದು ನನಗೆ ಜಾಸ್ತಿ ರೋಚಕ ಅನ್ನಿಸುತ್ತದೆ. ವಯಸ್ಸಾಯಿತು ಅಂತಲೂ ಅನ್ನಬಹುದು.

ಇದನ್ನೆಲ್ಲ ಮೊನ್ನೆ ನಮ್ಮ ಹಳೇ ಜೂಪಿಟರ್‌ಗೆ ಫೋನಿನಲ್ಲಿ ಹೇಳಿದೆ. ಈಗ ಅವನು ಸಮುದ್ರದಾಚೆ ಇದ್ದಾನೆ. ನಿಜವಾದ ಪತ್ತೇದಾರ ಬಾಬೇ ಕಣೋ, ನೀನು ಸುಮ್ನೆ ಮಾತಾಡ್ತಿದ್ದೆ ಅಷ್ಟೇ ಅಂದೆ. ಅವನು ಒಪ್ಪಲಿಲ್ಲ. “ಅದಿರಲಿ ಕಣೇ. ಆ ರೋಲ್ಸ್ ರಾಯ್ಸ್ ಮೂವತ್ತು ದಿನಕ್ಕೆ ತಾನೇ ಸಿಕ್ಕಿದ್ದು? ಆಮೇಲೂ ಓಡಿಸ್ತಾನೇ ಇರ್ತಾರಲ್ಲ, ದುಡ್ಡು ಯಾರು ಕೊಟ್ರು?” ಅಂದ.

ಫೋನ್ ಇಟ್ಟು ಕಟ್ಟು ಬಿಚ್ಚಿದೆ. ಏಳನೇ ಪುಸ್ತಕದಲ್ಲಿದೆ. ಮೂವತ್ತು ದಿನ ಮುಗೀತು ಅಂತ ಕಾರು ಕೊಟ್ಟ ಕಂಪನಿ ಹೇಳುತ್ತದೆ, ದಿನ ಅಂದರೆ ಪೂರ್ತಿ 24 ಗಂಟೆ ಓಡಿಸಬೇಕು ಅಂತ ಜೂಪಿಟರ್ ವಾದ ಹೂಡುತ್ತಾನೆ. ಕೊನೆಗೆ ಗಸ್ ಎಂಬ ಇಂಗ್ಲಿಷ್ ಹುಡುಗ, ಇವರು ಮಾಡಿದ ಉಪಕಾರಕ್ಕೆ ಕಾರಿನ ಖರ್ಚಿನ ಏರ್ಪಾಡು ಮಾಡಿಕೊಡುತ್ತಾನೆ. ಪುಟದ ಫೋಟೋ ತೆಗೆದು ಕಳಿಸಿದೆ.

“ನೋಡು, ವಾದ ಮಾಡಿದ್ದು ಯಾರು? ಜೂಪಿಟರ್ರೇ ತಾನೇ” ಅಂತ ಉತ್ತರ ಬಂತು.